ಪದ ಪರಿಚಯ: ನಿಯಂತ್ರಿತ ರವಾನೆ

ವಿದೇಶದಿಂದ ಬಂದ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಇದೆಯೆಂದು ಕಸ್ಟಮ್ಸ್ ಅಧಿಕಾರಿಗಳಿಗೆ ಗೊತ್ತಾಗುತ್ತದೆ. ಆದರೂ ಅಲ್ಲೇ ವಶಪಡಿಸಿಕೊಳ್ಳದೆ, ಕಣ್ಣಿಟ್ಟುಕೊಂಡೇ ಅದನ್ನು ಮುಂದಕ್ಕೆ ಹೋಗಲು ಬಿಡುತ್ತಾರೆ. ಅದು ಯಾರ ಕೈ ಸೇರುತ್ತದೆ, ಅವರು ಯಾರಿಗೆ ದಾಟಿಸುತ್ತಾರೆ ಎಂದು ಜಾಡು ಹಿಡಿಯುತ್ತಾರೆ. ಇದೇ ನಿಯಂತ್ರಿತ ರವಾನೆ. ತನಿಖಾಧಿಕಾರಿಗಳು ಕಂಟ್ರೋಲ್ಡ್ ಡೆಲಿವರಿ ಎನ್ನುತ್ತಾರೆ.

ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವವನು ಹಲವು ಸಲ ಕೂಲಿಗಾಗಿ ಪೆಟ್ಟಿಗೆ ಹೊತ್ತವನು. ಅವನೊಬ್ಬನನ್ನು ಜೈಲಿಗೆ ಕಳುಹಿಸಿದರೆ, ಸರಕಿನ ಒಡೆಯ ಹೊರಲು ಇನ್ನೊಬ್ಬ ಬಡವನನ್ನು ಹುಡುಕಿಕೊಳ್ಳುತ್ತಾನೆ. ಒಡೆಯನವರೆಗೆ ಹೋಗಬೇಕಾದರೆ ಸರಕೇ ದಾರಿ ತೋರಿಸಬೇಕು.

ಆದರೆ ಆ ದಾರಿ ಗಡಿ ದಾಟಿದೊಡನೆ ನಮ್ಮ ಅಧಿಕಾರಿಗೆ ಬಂಧಿಸುವ ಅಧಿಕಾರವಿಲ್ಲ. ಅದಕ್ಕಾಗಿಯೇ 1988ರಲ್ಲಿ ವಿಯೆನ್ನಾದಲ್ಲಿ ಅಂಗೀಕರಿಸಿದ, ಮಾದಕವಸ್ತುಗಳ ಅಕ್ರಮ ಸಾಗಣೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆ ತನ್ನ 11ನೇ ವಿಧಿಯಲ್ಲಿ ಈ ಕ್ರಮಕ್ಕೆ ಜಾಗ ಕೊಟ್ಟಿತು. ಭಾರತ 1990ರಲ್ಲಿ ಅದಕ್ಕೆ ಸೇರಿತು. ಮಾದಕವಸ್ತುಗಳ ಕುರಿತ ನಮ್ಮ ಕಾನೂನಾದ ಎನ್‌ಡಿಪಿಎಸ್ ಕಾಯ್ದೆ 1985ರದು. ನಿಯಂತ್ರಿತ ರವಾನೆಗೆ ಅವಕಾಶ ಕೊಡುವ 50ಎ ಸೆಕ್ಷನ್ ಅದಕ್ಕೆ ಸೇರಿದ್ದು 2001ರ ತಿದ್ದುಪಡಿಯಲ್ಲಿ. ಆ ಸೆಕ್ಷನ್ನಿನ ಪ್ರಕಾರ ಮಾದಕವಸ್ತು ನಿಯಂತ್ರಣ ಬ್ಯೂರೋದ, ಅಂದರೆ ಎನ್‌ಸಿಬಿಯ, ಮಹಾನಿರ್ದೇಶಕರು ಅಥವಾ ಅವರು ಅಧಿಕಾರ ಕೊಟ್ಟವರು ಮಾತ್ರ ಇದನ್ನು ಕೈಗೊಳ್ಳಬಹುದು. ಸರಕು ಹೊರದೇಶಕ್ಕೆ ಹೋಗುವುದಾದರೆ ಆ ದೇಶದ ಅಧಿಕಾರಿಗಳೊಂದಿಗೆ ಸಮಾಲೋಚಿಸಲೇಬೇಕು. ಈ ಬಿಗಿ ಬೇಕೇ ಬೇಕು ಎಂಬುದು ನನ್ನ ನಂಬಿಕೆ. ಇಲ್ಲವಾದರೆ ಲಂಚ ಪಡೆದು ಸರಕು ಬಿಟ್ಟವನೂ ‘ಹಿಂಬಾಲಿಸುತ್ತಿದ್ದೆ’ ಎಂದು ನುಣುಚಿಕೊಳ್ಳಬಹುದು.

ಇಲ್ಲಿ ದೊಡ್ಡ ಬಂಡವಾಳ ನಂಬಿಕೆ. ಒಂದು ದೇಶ ಬಿಟ್ಟುಕೊಟ್ಟ ಸರಕು ಇನ್ನೊಂದು ದೇಶದಲ್ಲಿ ಕಣ್ತಪ್ಪಿದರೆ, ಆ ವಿಷ ಯಾರದೋ ಮನೆಯ ಮಕ್ಕಳ ಕೈಗೆ ಹೋಗುತ್ತದೆ. ಆದ್ದರಿಂದಲೇ ಒಡಂಬಡಿಕೆ ಸಾರಾಸಗಟು ಒಪ್ಪಿಗೆ ಕೊಡುವುದಿಲ್ಲ. ಪ್ರತಿ ಪ್ರಕರಣವನ್ನೂ ಬೇರೆಯಾಗಿಯೇ ತೀರ್ಮಾನಿಸಬೇಕು. ಸಂಬಂಧಪಟ್ಟ ದೇಶಗಳು ಒಪ್ಪಿದರೆ ಮಾದಕವಸ್ತುವನ್ನು ತೆಗೆದು, ಅದೇ ತೂಕದ ನಿರಪಾಯ ಪುಡಿ ತುಂಬಿ ಕಳುಹಿಸಬಹುದು. ಆಗ ಪಾರ್ಸೆಲ್ ಕಳೆದುಹೋದರೂ ಯಾರ ಜೀವಕ್ಕೂ ಕುತ್ತಿಲ್ಲ.

ಪಡೆಯುವವನು ಸಿಕ್ಕ ಮೇಲೆ ಹುಡುಕಾಟ ಹಣದ ಕಡೆಗೆ ತಿರುಗುತ್ತದೆ. ಅದೂ ಗಡಿ ದಾಟಿರುತ್ತದೆ. ಅಲ್ಲಿ ನೆರವಿಗೆ ಬರುವುದು ಅದೇ ಒಡಂಬಡಿಕೆಯ 7ನೇ ವಿಧಿ: ಬ್ಯಾಂಕಿನ ಗೋಪ್ಯತೆಯ ನೆಪ ಹೇಳಿ ಯಾವ ಸದಸ್ಯ ದೇಶವೂ ಕಾನೂನು ನೆರವನ್ನು ನಿರಾಕರಿಸುವಂತಿಲ್ಲ.