ಎಲೆಕ್ಟರ್ ಕೈ ಕಟ್ಟಿದ್ದಾಯ್ತು, ಮತದಾರರ ಲೆಕ್ಕ ಬಾಕಿ ಇದೆ

2016ರ ಡಿಸೆಂಬರ್ 19. ಅಮೆರಿಕದ ವಾಷಿಂಗ್ಟನ್ ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ 12 ಎಲೆಕ್ಟರ್‌ಗಳು ಅಧ್ಯಕ್ಷರ ಆಯ್ಕೆಗೆ ಮತ ಹಾಕಿದರು. ಆ ರಾಜ್ಯದಲ್ಲಿ ಗೆದ್ದವರು ಹಿಲರಿ ಕ್ಲಿಂಟನ್. ಹಾಗಾಗಿ ಹನ್ನೆರಡೂ ಅವರಿಗೇ ಬೀಳಬೇಕಿತ್ತು. ಬಿದ್ದದ್ದು ಎಂಟು. ಮೂವರು ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಹೆಸರು ಬರೆದಿದ್ದರು. ಇನ್ನೊಬ್ಬರು ಮೂಲನಿವಾಸಿ ಹೋರಾಟಗಾರ್ತಿ ಫೇಯ್ತ್ ಸ್ಪಾಟೆಡ್ ಈಗಲ್ ಹೆಸರು ಬರೆದಿದ್ದರು. ಇವರಿಬ್ಬರೂ ಅಧ್ಯಕ್ಷ ಚುನಾವಣೆಗೆ ನಿಂತೇ ಇರಲಿಲ್ಲ.

ಇದು ಸಾಧ್ಯವಾಗಿದ್ದು ಹೇಗೆ? ಅಮೆರಿಕದ ಜನ ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ. ಅವರ ಮತ ಹೋಗುವುದು ಎಲೆಕ್ಟರ್‌ಗಳಿಗೆ. ಒಟ್ಟು 538 ಜನ, ಗೆಲ್ಲಲು 270 ಬೇಕು. ಮೇನ್, ನೆಬ್ರಾಸ್ಕಾ ಬಿಟ್ಟರೆ ಉಳಿದ ರಾಜ್ಯಗಳಲ್ಲಿ ಮುಂದಿದ್ದವರಿಗೆ ಅಲ್ಲಿನ ಅಷ್ಟೂ ಎಲೆಕ್ಟರ್‌ಗಳು ಸಿಗುತ್ತಾರೆ. ಎಷ್ಟೋ ರಾಜ್ಯಗಳ ಮತಪತ್ರದಲ್ಲಿ ಅವರ ಹೆಸರೂ ಇರುವುದಿಲ್ಲ. ಹೆಸರೇ ಗೊತ್ತಿಲ್ಲದವರ ಕೈಗೆ ನಮ್ಮ ಮತ ಕೊಟ್ಟ ಹಾಗೆ, ಅಲ್ವಾ?

1787ರಲ್ಲಿ ಸಂವಿಧಾನ ಬರೆದವರು ಎಲೆಕ್ಟರ್ ಯಾರ ಮಾತು ಕೇಳಬೇಕು ಅಂತ ಬರೆಯಲಿಲ್ಲ. ತಿಳಿವಳಿಕೆಯುಳ್ಳ ಕೆಲವರು ಕೂತು ಯೋಚಿಸಿ ಆರಿಸಲಿ ಎನ್ನುವುದು ಅವರಲ್ಲೊಬ್ಬರಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ವಾದ. ಪಕ್ಷಗಳು ಹುಟ್ಟಿದ್ದೇ ತಡ, ಆ ಲೆಕ್ಕ ತಲೆಕೆಳಗಾಯಿತು. 1796ರಲ್ಲಿ ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಮೈಲ್ಸ್ ಫೆಡರಲಿಸ್ಟ್ ಪಕ್ಷದಿಂದ ಎಲೆಕ್ಟರ್ ಆದರು. ಆದರೆ ತಮ್ಮ ಪಕ್ಷದ ಜಾನ್ ಆಡಮ್ಸ್ ಬಿಟ್ಟು ಥಾಮಸ್ ಜೆಫರ್ಸನ್‌ಗೆ ಮತ ಹಾಕಿದರು. ಸಿಟ್ಟಿಗೆದ್ದ ಮತದಾರರೊಬ್ಬರು ಪತ್ರಿಕೆಗೆ ಬರೆದರು: ಅವರನ್ನು ಆರಿಸಿದ್ದು ನಮ್ಮ ಪರವಾಗಿ ಯೋಚಿಸಲಿಕ್ಕಲ್ಲ, ಹೇಳಿದ ಕೆಲಸ ಮಾಡಲಿಕ್ಕೆ. ನನಗೆ ಆ ಮತದಾರರ ಮಾತೇ ಸರಿ ಅನಿಸುತ್ತದೆ.

ಮಾತು ತಪ್ಪಿದವರೆಲ್ಲ ದೊಡ್ಡ ಧ್ಯೇಯ ಇಟ್ಟುಕೊಂಡವರೇನಲ್ಲ. 1836ರಲ್ಲಿ ವರ್ಜೀನಿಯಾದ 23 ಎಲೆಕ್ಟರ್‌ಗಳು ಉಪಾಧ್ಯಕ್ಷ ಅಭ್ಯರ್ಥಿ ರಿಚರ್ಡ್ ಜಾನ್ಸನ್‌ಗೆ ಮತ ಕೊಡಲಿಲ್ಲ. ಅವರು ಗುಲಾಮಗಿರಿಯಲ್ಲಿದ್ದ ಜೂಲಿಯಾ ಚಿನ್ ಜೊತೆ ಸಂಸಾರ ಮಾಡಿದ್ದರು ಎನ್ನುವುದೇ ಕಾರಣ. ಆತ್ಮಸಾಕ್ಷಿ ಅಂದಾಕ್ಷಣ ಅದು ಒಳ್ಳೆಯದೇ ಆಗಿರಬೇಕಿಲ್ಲ. 1872ರದ್ದು ಬೇರೆ ಕಥೆ. ಸೋತ ಅಭ್ಯರ್ಥಿ ಹೊರೇಸ್ ಗ್ರೀಲಿ ಎಲೆಕ್ಟರ್‌ಗಳು ಮತ ಹಾಕುವ ಮೊದಲೇ ತೀರಿಕೊಂಡರು. ಇಂಥ ಹೊತ್ತಿಗೆ ಮಾತ್ರ ಒಂದಿಷ್ಟು ಸಡಿಲ ಬೇಕೇ ಬೇಕು.

ನಮ್ಮಲ್ಲೂ ರಾಷ್ಟ್ರಪತಿ ಚುನಾವಣೆಗೆ ವಿಪ್ ಇಲ್ಲ. 1969ರಲ್ಲಿ ಎಸ್. ನಿಜಲಿಂಗಪ್ಪ ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಸೋತರು, ವಿ.ವಿ. ಗಿರಿ ಗೆದ್ದರು. ಇಂದಿರಾ ಗಾಂಧಿ ಕೊಟ್ಟ 'ಆತ್ಮಸಾಕ್ಷಿಯ ಮತ'ದ ಕರೆ ಹಳಬರಿಗೆ ನೆನಪಿರಬಹುದು. ಒಂದು ವ್ಯತ್ಯಾಸ ಇದೆ. ನಮ್ಮ ಶಾಸಕರು, ಸಂಸದರು ಯಾರು ಅಂತ ಜನಕ್ಕೆ ಗೊತ್ತು, ಮುಂದಿನ ಚುನಾವಣೆಯಲ್ಲಿ ಕೇಳಬಹುದು. ಎಲೆಕ್ಟರನ್ನು ಎಲ್ಲಿ ಹುಡುಕಿ ಕೇಳುವುದು?

ಎಲೆಕ್ಟರ್‌ಗಳಿಂದ ಮೊದಲೇ ಮಾತು ತೆಗೆದುಕೊಳ್ಳಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1952ರಲ್ಲೇ ಹೇಳಿತ್ತು. ತಪ್ಪಿದರೆ ಶಿಕ್ಷೆ ಕೊಡಬಹುದಾ ಎನ್ನುವುದು ಹಾಗೇ ಉಳಿಯಿತು. 1976ರಲ್ಲಿ ವಾಷಿಂಗ್ಟನ್‌ನ ಒಬ್ಬ ಎಲೆಕ್ಟರ್ ತಮ್ಮ ಪಕ್ಷದ ಅಭ್ಯರ್ಥಿ ಜೆರಾಲ್ಡ್ ಫೋರ್ಡ್ ಬದಲು ರೊನಾಲ್ಡ್ ರೇಗನ್‌ಗೆ ಮತ ಹಾಕಿದ ಮೇಲೆ ಆ ರಾಜ್ಯ 1,000 ಡಾಲರ್ ದಂಡ ತಂದಿತು. 2016ರಲ್ಲಿ ಪೊವೆಲ್ ಹೆಸರು ಬರೆದ ಮೂವರು ಆ ದಂಡದ ವಿರುದ್ಧ ಕೋರ್ಟಿಗೆ ಹೋದರು. 2020ರ ಜುಲೈ 6ರಂದು ಒಂಬತ್ತೂ ನ್ಯಾಯಮೂರ್ತಿಗಳು ರಾಜ್ಯದ ಪರ ನಿಂತರು. ತೀರ್ಪು ಬರೆದವರು ಎಲೆನಾ ಕಾಗನ್.

ಆದರೆ ಈ ತೀರ್ಪಿನಿಂದ ಎಲೆಕ್ಟರನ್ನು ಕಟ್ಟಿಹಾಕುವುದು ಅವರವರ ರಾಜ್ಯದ ಫಲಿತಾಂಶಕ್ಕೆ, ಇಡೀ ದೇಶದ ಮತಕ್ಕಲ್ಲ. ಅದೂ ರಾಜ್ಯ ಬಯಸಿದರೆ ಮಾತ್ರ. 2016ರಲ್ಲಿ ಇಡೀ ದೇಶದಲ್ಲಿ ಡೊನಾಲ್ಡ್ ಟ್ರಂಪ್‌ಗಿಂತ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಪಡೆದ ಕ್ಲಿಂಟನ್ ಸೋತದ್ದು ಮಾತು ತಪ್ಪಿದವರಿಂದಲ್ಲ, ಲೆಕ್ಕ ಹಾಕುವ ಪದ್ಧತಿಯಿಂದ. ನಿಜವಾಗಿ ಸರಿಯಾಗಬೇಕಾದ್ದು ಇದು. 2007ರಲ್ಲಿ ಮೇರಿಲ್ಯಾಂಡ್ ಒಂದು ದಾರಿ ತೆರೆಯಿತು: ದೇಶದಲ್ಲಿ ಅತಿ ಹೆಚ್ಚು ಮತ ಪಡೆದವರಿಗೇ ನಮ್ಮ ಎಲೆಕ್ಟರ್‌ಗಳು ಎನ್ನುವ ರಾಜ್ಯಗಳ ಒಪ್ಪಂದ. ಸೇರಿದ ರಾಜ್ಯಗಳ ಎಲೆಕ್ಟರ್‌ಗಳು 270 ಆದರೆ ಮಾತ್ರ ಅದು ಜಾರಿಗೆ ಬರುತ್ತದೆ. ಆ ಸಂಖ್ಯೆ ಇನ್ನೂ ಮುಟ್ಟಿಲ್ಲ. ಮುಟ್ಟಿದರೂ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಒಪ್ಪಿಗೆ ಬೇಕಾ ಬೇಡವಾ ಎನ್ನುವ ಜಗಳ ಕೋರ್ಟಿಗೆ ಹೋಗುವುದು ಖಂಡಿತ.