ಬೂತಾಯಿ ಅಳೆಯಲು ದುಡ್ಡು ಕೊಡುವವರು ಯಾರು?

ಮಂಗಳೂರಿನ ಧಕ್ಕೆಯಲ್ಲಿ ಬೆಳಗಿನ ಏಲಂ ಮುಗಿದು ಚಹಾಕ್ಕೆ ಕೂತರೆ ಒಂದು ಮಾತು ಬಂದೇ ಬರುತ್ತದೆ. "ಮೀನುಗಾರಿಕೆಗೆ ಇಪ್ಪತ್ತು ಸಾವಿರ ಕೋಟಿ ಅಂತೆ ಮಾರಾಯ, ಆದ್ರೆ ಬೂತಾಯಿ ಎಲ್ಲಿ ಹೋಯ್ತು ಅಂತ ಹೇಳ್ಲಿಕ್ಕೆ ಒಬ್ಬನಿಗೂ ಆಗುದಿಲ್ವಾ?"

ಬೂತಾಯಿ ಅಂದರೆ ಸಾರ್ಡೀನ್ ಮೀನು. ಪ್ರಶ್ನೆ ಸರಿಯಾಗಿಯೇ ಇದೆ, ಆದರೆ ಅದರಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ಸೇರಿಹೋಗಿವೆ. 2020ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯ ಗಾತ್ರ 20,050 ಕೋಟಿ ರೂಪಾಯಿ. ಕೇಂದ್ರದ ಪಾಲು 9,407 ಕೋಟಿ, ರಾಜ್ಯಗಳದ್ದು 4,880 ಕೋಟಿ. ಉಳಿದ 5,763 ಕೋಟಿ ಫಲಾನುಭವಿಗಳೇ ಹಾಕಿಕೊಳ್ಳಬೇಕಾದದ್ದು. ಈ ಹಣದ ದೊಡ್ಡ ಪಾಲು ಬಂದರು, ಶೈತ್ಯಾಗಾರ, ಕೊಳ, ದೋಣಿಗಳಿಗೆ. ಕಡಲಲ್ಲಿ ಎಷ್ಟು ಮೀನಿದೆ, ಯಾವಾಗ ಮೊಟ್ಟೆ ಇಡುತ್ತದೆ, ಎಷ್ಟು ಹಿಡಿದರೆ ಮುಂದಿನ ವರ್ಷಕ್ಕೆ ಉಳಿಯುತ್ತದೆ ಎಂದು ನೋಡುವ ಕೆಲಸಕ್ಕೆ ದುಡ್ಡು ಬರುವ ದಾರಿ ಬೇರೆ. ಆ ದಾರಿ ಹಲವು ಸಲ ತಿರುಗಿದೆ.

ಶುರುವಾದದ್ದು ಬೂತಾಯಿಯಿಂದಲೇ. 20ನೇ ಶತಮಾನದ ಆರಂಭದಲ್ಲಿ ಮದ್ರಾಸ್ ಸರ್ಕಾರದ ಫ್ರೆಡರಿಕ್ ನಿಕಲ್ಸನ್ ಮಲಬಾರಿನ ತಾನೂರಿನಲ್ಲಿ ಪ್ರಯೋಗ ಕೇಂದ್ರ ನಡೆಸಿದರು. ಬೂತಾಯಿಯ ಎಣ್ಣೆ ತೆಗೆದು, ಉಳಿದದ್ದನ್ನು ಗೊಬ್ಬರ ಮಾಡುವುದು ಹೇಗೆಂದು ಅಲ್ಲಿ ತೋರಿಸಿಕೊಟ್ಟ ಮೇಲೆ ದಕ್ಷಿಣ ಕನ್ನಡದವರೆಗೂ ಎಣ್ಣೆ ಕಾರ್ಖಾನೆಗಳು ಎದ್ದವು. 1940ರ ದಶಕಕ್ಕೆ ಬೂತಾಯಿ ಕೈಕೊಟ್ಟಿತು. ಅದೇ ಸರ್ಕಾರ ಮರಿ ಹಿಡಿಯಬೇಡಿ ಎಂದು ನಿರ್ಬಂಧ ಹಾಕಬೇಕಾಯಿತು.

ಮುಂದಿನ ಮೂರು ದಶಕಗಳನ್ನು ಬೇಗ ದಾಟಿಬಿಡೋಣ. 1947ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್ಆರ್‌ಐ. 1952ರ ಒಪ್ಪಂದದಂತೆ ಕೇರಳದ ನೀಂಡಕರದಲ್ಲಿ ನಾರ್ವೆಯ ನೆರವಿನ ಯೋಜನೆ, ಆಮೇಲೆ ಅದು ಕಾರವಾರಕ್ಕೂ ಬಂತು. 1957ರಲ್ಲಿ ಬಲೆ ಮತ್ತು ಸಂಸ್ಕರಣೆಯ ತಂತ್ರಜ್ಞಾನಕ್ಕೆಂದು ಕೊಚ್ಚಿಯಲ್ಲಿ ಸಿಐಎಫ್‌ಟಿ. 1967ರಲ್ಲಿ ಎರಡೂ ಸಂಸ್ಥೆಗಳು ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮಡಿಲಿಗೆ. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜು, 1972ರಲ್ಲಿ ರಫ್ತು ನೋಡಿಕೊಳ್ಳಲು ಎಂಪಿಇಡಿಎ. ನಾರ್ವೆಯವರು ಬಂದಾಗ ಹೇಳಿದ್ದು ಬಡವರ ಊಟಕ್ಕೆ ಮೀನು ಎಂದು. ಕೊನೆಗೆ ಗೆದ್ದದ್ದು ಅಮೆರಿಕಕ್ಕೆ ಹೋಗುವ ಸಿಗಡಿ. ಒಂದು ಕಾಲಕ್ಕೆ ತೆಂಗಿನ ಬುಡಕ್ಕೆ ಸುರಿಯುತ್ತಿದ್ದ ಸಿಗಡಿ ಅದು.

ನಮ್ಮ ಕರಾವಳಿಯಲ್ಲಿ 1970ರ ದಶಕದ ನಡುವೆ, ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ಹಿಡಿಯುವ ಪರ್ಸಿನ್ ಬಲೆ ಬಂತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಸಾಲ ಮೊದಲು ಬಂತು, ಬಲೆ ಆಮೇಲೆ, ಜಗಳ ಅದರ ನಂತರ. ಅಧ್ಯಯನ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ನಮ್ಮಲ್ಲಿ ಈಗಲೂ ಬದಲಾಗಿಲ್ಲ ಎಂದು ನನಗನಿಸುತ್ತದೆ.

ಈ ಕಥೆಯ ನಿಜವಾದ ತಿರುವು 2006. ಅದಕ್ಕೂ ಮೊದಲು ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಕಾಯ್ದೆ ಇತ್ತು: 1940ರ ಕೃಷಿ ಉತ್ಪನ್ನ ಸೆಸ್ ಕಾಯ್ದೆ. ಎಣ್ಣೆಕಾಳು, ಚರ್ಮ, ಉಣ್ಣೆಯ ಜೊತೆಗೆ ಮೀನೂ ಅದರ ಪಟ್ಟಿಯಲ್ಲಿತ್ತು. ಹೊರದೇಶಕ್ಕೆ ಹೋಗುವ ಮಾಲಿನ ಬೆಲೆಯ ಮೇಲೆ ಶೇ 0.5ರಷ್ಟು ಸೆಸ್, ಆ ಹಣ ಕೃಷಿ ಸಂಶೋಧನೆಗೆ. ಕಾಲೇಜಿನ ಹಳೆಯ ಮೇಷ್ಟ್ರುಗಳ ಬಾಯಲ್ಲಿ ಇದು "ಎಪಿ ಸೆಸ್ ಸ್ಕೀಮ್". ಮೊತ್ತ ಸಣ್ಣದು, ಮಾರುಕಟ್ಟೆಯ ಗದ್ದಲದಿಂದ ದೂರದ್ದು. ಮೀನಿನ ಕಿವಿರಿನ ಹುಳವನ್ನೋ ಹೊಳೆಬಾಯಿಯ ಮರಿ ಮೀನನ್ನೋ ನೋಡುತ್ತೇನೆ ಎಂದರೂ ಅರ್ಜಿ ಹಾಕಬಹುದಿತ್ತು.

2006ರಲ್ಲಿ ಆ ಸೆಸ್ ರದ್ದಾಯಿತು. ವ್ಯಾಪಾರಕ್ಕೆ ಹೊರೆ ಎಂಬುದು ವಾದ, ಅದರಲ್ಲಿ ಸತ್ಯವೂ ಇತ್ತು. ಅದೇ ವರ್ಷ ವಿಶ್ವಬ್ಯಾಂಕ್ ಸಾಲದಲ್ಲಿ ಪೈಪೋಟಿಯ ಅನುದಾನ ಕೊಡುವ ರಾಷ್ಟ್ರೀಯ ಕೃಷಿ ನಾವೀನ್ಯ ಯೋಜನೆ ಶುರುವಾಯಿತು. ಹೈದರಾಬಾದಿನಲ್ಲಿ ರಾಷ್ಟ್ರೀಯ ಮೀನುಗಾರಿಕಾ ಅಭಿವೃದ್ಧಿ ಮಂಡಳಿ ಹುಟ್ಟಿದ್ದೂ ಆಗಲೇ. ದುಡ್ಡು ಕಡಿಮೆಯಾಯಿತು ಎಂದು ಯಾರೂ ದೂರುವಂತಿರಲಿಲ್ಲ. ಬದಲಾದದ್ದು ದುಡ್ಡಿನ ಸ್ವಭಾವ. ಸಂಸ್ಥೆಯ ಸಂಬಳ, ಕಟ್ಟಡಕ್ಕೆ ಸರ್ಕಾರದ ಹಣ ಬರುತ್ತಲೇ ಇತ್ತು, ಕೆಲಸ ಮಾತ್ರ 'ಪ್ರಾಜೆಕ್ಟ್' ಆಯಿತು. ಮೂರು ವರ್ಷ, ಇಷ್ಟು ಗುತ್ತಿಗೆ ಜನ, ಕೊನೆಗೊಂದು ವರದಿ.

ಪ್ರಾಜೆಕ್ಟ್ ಎಂದರೇನೆಂದು ನೋಡಬೇಕಾದರೆ ಬೆಳಿಗ್ಗೆ ಐದೂವರೆಗೆ ಧಕ್ಕೆಗೆ ಬರಬೇಕು. ಒಬ್ಬ ಹುಡುಗ ಅಳತೆಯ ಹಲಗೆ ಹಿಡಿದು ಬುಟ್ಟಿಗಳ ನಡುವೆ ಕೂತಿರುತ್ತಾನೆ. ಬಂಗುಡೆಯ ಮೂತಿಯಿಂದ ಬಾಲದ ತುದಿಯವರೆಗೆ ಮಿಲಿಮೀಟರಿನಲ್ಲಿ ಅಳೆದು ಒದ್ದೆಯಾಗದ ಹಾಗೆ ಪುಸ್ತಕದಲ್ಲಿ ಬರೆಯುತ್ತಾನೆ. ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯೇ ಎಂದು ನೋಡುವುದು ಅಲ್ಲಿ ಆಗುವುದಿಲ್ಲ, ಸೀಳಿದ ಮೀನು ಮತ್ತೆ ಮಾರಾಟವಾದೀತೇ? ಹಾಗಾಗಿ ಒಂದೆರಡು ಕಿಲೋ ಕೊಂಡು, ಐಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯಬೇಕು. ಅದಕ್ಕೆ ಬಿಲ್ ಬೇಕು. ಧಕ್ಕೆಯಲ್ಲಿ ಬಿಲ್ ಕೊಡುವವರು ಯಾರು? ಮೀನು ಮಾರುವ ಅಕ್ಕಂದಿರು ಅವನನ್ನು ಕಂಡರೆ ನಗುತ್ತಾರೆ: "ಇವತ್ತು ಎಷ್ಟು ಉದ್ದ ಉಂಟು ಮಗಾ?"

ಅವನ ಗುತ್ತಿಗೆ ಮಾರ್ಚ್ 31ಕ್ಕೆ ಮುಗಿಯುತ್ತದೆ, ಏಕೆಂದರೆ ಕಚೇರಿಯ ವರ್ಷ ಮುಗಿಯುವುದು ಆಗ. ಮೀನಿನ ವರ್ಷ ಬೇರೆ. ಬೂತಾಯಿಯ ಮೊಟ್ಟೆ ಬಲಿಯುವುದು ಮಳೆಗಾಲಕ್ಕೆ, ಬೋಟ್‌ಗಳು 61 ದಿನದ ರಜೆ ಮುಗಿಸಿ ಕಡಲಿಗಿಳಿಯುವುದು ಆಗಸ್ಟ್‌ನಲ್ಲಿ. ಹೊಸ ಮಂಜೂರಾತಿ ಬಂದು, ಹೊಸ ಹುಡುಗ ಬಂದು, ಅವನಿಗೆ ಬುಟ್ಟಿಗಳ ಪರಿಚಯವಾಗುವಷ್ಟರಲ್ಲಿ ಸೀಸನ್‌ನ ಅರ್ಧ ಹೋಗಿರುತ್ತದೆ. ಇದರಲ್ಲಿ ತಪ್ಪು ಯಾರದೆಂದು ಹುಡುಕಿದರೆ ಸಿಗುವುದು ಬರೀ ಕ್ಯಾಲೆಂಡರ್.

ಇನ್ನೊಂದು ಕಡೆ, ಹಣ ಬೇಗ ಬರುವ ಪ್ರಶ್ನೆಗಳೂ ಇವೆ. ಅವು ಹೆಚ್ಚಾಗಿ ಕೊಳ್ಳುವವರ ದೇಶದಿಂದ ಬರುತ್ತವೆ. 1997ರಲ್ಲಿ ಶುಚಿತ್ವ ಸಾಲದೆಂದು ಯುರೋಪ್ ನಮ್ಮ ಮೀನು ತಡೆಯಿತು, ಕೆಲವೇ ವರ್ಷಗಳಲ್ಲಿ ಸಿಗಡಿಯಲ್ಲಿ ಆ್ಯಂಟಿಬಯೋಟಿಕ್ ಸಿಕ್ಕಿತೆಂಬ ತಕರಾರು. ಪ್ರಯೋಗಾಲಯಗಳು ಎದ್ದು ನಿಂತವು. 2019ರಲ್ಲಿ ಅಮೆರಿಕ ಕಡಲಿನಲ್ಲಿ ಹಿಡಿದ ನಮ್ಮ ಸಿಗಡಿಗೆ ಬಾಗಿಲು ಹಾಕಿತು, ಟ್ರಾಲ್ ಬಲೆಯಲ್ಲಿ ಕಡಲಾಮೆ ಪಾರಾಗುವ ಸಾಧನ ಇಲ್ಲವೆಂಬ ಕಾರಣಕ್ಕೆ. ತಮಾಷೆಯೆಂದರೆ ಅಂಥ ಸಾಧನವನ್ನು ಸಿಐಎಫ್‌ಟಿ ಅದಕ್ಕೂ ಎಷ್ಟೋ ಮೊದಲೇ ತಯಾರಿಸಿತ್ತು. ಸರಳುಗಳ ಚೌಕಟ್ಟು, ಮೇಲೊಂದು ಕಿಂಡಿ: ಸಿಗಡಿ ಸರಳಿನ ನಡುವೆ ಹಿಂದಕ್ಕೆ ಹೋಗುತ್ತದೆ, ಆಮೆ ಕಿಂಡಿಯಿಂದ ಹೊರಕ್ಕೆ. ಆಮೆಯ ಜೊತೆ ದೊಡ್ಡ ಮೀನೂ ಹೋಗುತ್ತದೆ ಎಂಬುದು ಬೋಟ್ ನಡೆಸುವ ತಾಂಡೇಲರ ಭಯ. ಕಪಾಟಿನಲ್ಲಿದ್ದ ಸಂಶೋಧನೆಗೆ ಮತ್ತೆ ಜೀವ ಬಂದದ್ದು ರಫ್ತು ನಿಂತ ಮೇಲೆ. ತಿಮಿಂಗಿಲ, ಡಾಲ್ಫಿನ್‌ಗಳ ಗಣತಿಯೂ ಹಾಗೆಯೇ. ತಿಮಿಂಗಿಲ, ಡಾಲ್ಫಿನ್‌ನಂಥ ಸಾಗರ ಸಸ್ತನಿಗಳನ್ನು ಕಾಪಾಡದ ದೇಶದ ಮೀನು ಬೇಡವೆನ್ನುವ ಅಮೆರಿಕದ ನಿಯಮದ ಗಡುವು ಹತ್ತಿರವಾದಾಗ ಎಂಪಿಇಡಿಎ ಹಣ ಕೊಟ್ಟಿತು.

ಬೂತಾಯಿಗೆ ಇಂಥ ಗಡುವು ಇಲ್ಲ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಈ ಅಂಕಿ ನಮಗೆ ಗೊತ್ತಿರುವುದೇ ಸಿಎಂಎಫ್ಆರ್‌ಐ ದಶಕಗಳಿಂದ ದಡದಲ್ಲಿ ಕೂತು ಎಣಿಸಿದ್ದರಿಂದ. ಬೂತಾಯಿಯ ಏರಿಳಿತ ದಶಕಗಳ ಲೆಕ್ಕದ್ದು, ಮೂರು ವರ್ಷದ ಪ್ರಾಜೆಕ್ಟಿಗೆ ಅದರ ಒಂದು ತುಂಡು ಮಾತ್ರ ಕಾಣುತ್ತದೆ.

ಒಂದು ಕಾಲಕ್ಕೆ ನಮಗೆ ನೆರವು ಕೊಟ್ಟ ನಾರ್ವೆಯಲ್ಲಿ ಈಗ ಮೀನು ರಫ್ತಿನ ಶೇ 0.3ರಷ್ಟು ಉದ್ಯಮದಿಂದಲೇ ಸಂಶೋಧನಾ ನಿಧಿಗೆ ಹೋಗುತ್ತದೆ. ನಮ್ಮ 2024-25ರ ಸಾಗರೋತ್ಪನ್ನ ರಫ್ತು 62,408 ಕೋಟಿ ರೂಪಾಯಿ. ಅದೇ ಲೆಕ್ಕ ಹಿಡಿದರೆ ಸುಮಾರು 187 ಕೋಟಿ, ರದ್ದಾದ ಸೆಸ್‌ನ ದರದಲ್ಲಾದರೆ 312 ಕೋಟಿ. 2025ರಲ್ಲಿ ಅಮೆರಿಕ ಸುಂಕ ಏರಿಸಿದ ಮೇಲಂತೂ ಇದನ್ನು ರಫ್ತುದಾರರ ಮುಂದೆ ಹೇಳಿದರೆ ಚಹಾ ಸಿಗಲಿಕ್ಕಿಲ್ಲ. ಅಂಥ ಹಣ ಬಂದರೂ, ಅದು ಮೊದಲು ಹೋಗುವುದು ಸಿಗಡಿ ಕೊಳದ ಕಡೆಗೇ, ಏಕೆಂದರೆ ರಫ್ತಿನ ಆದಾಯದಲ್ಲಿ ಸಿಂಹಪಾಲು ಶೈತ್ಯೀಕರಿಸಿದ ಸಿಗಡಿಯದ್ದು. ಬೂತಾಯಿಯೂ ಆ ಪೆಟ್ಟಿಗೆಯಲ್ಲಿ ಸ್ವಲ್ಪ ಇರುತ್ತದೆ. ಇಲ್ಲಿನ ಫಿಶ್‌ಮೀಲ್ ಕಾರ್ಖಾನೆಯಲ್ಲಿ ಹಿಟ್ಟಾಗಿ, ಕೊಳದ ಸಿಗಡಿಗೆ ಮೇವಾಗಿ ಹೋಗಿರುತ್ತದೆ, ರಫ್ತಿನ ಪಟ್ಟಿಯಲ್ಲಿ ಮಾತ್ರ ಅದರ ಹೆಸರಿರುವುದಿಲ್ಲ.