ಗೋಳಿ ಪಲ್ಯ ಅಂದರೆ ಯಾವ ಗಿಡ?

ರಾಯಚೂರು ಕಡೆ ಗೋಳಿ ಅಂದರೆ ಹೊಲದಲ್ಲಿ ನೆಲಕ್ಕಂಟಿ ಹರಡುವ, ಒಂದೇ ಹಂಗಾಮು ಬದುಕುವ ಪಲ್ಯದ ಗಿಡ. ಕರಾವಳಿಯಲ್ಲಿ ಈ ಹೆಸರು ಆಲದ ಜಾತಿಯ ಮರಕ್ಕೆ ಸಲ್ಲುತ್ತದೆ. ದೊಡ್ಡಗೋಣಿ ಸೊಪ್ಪು ಎಂದು ಕೆಲವರು ಕರೆಯುವುದೂ, ನೆರೆಯ ತೆಲುಗು ಮನೆಗಳ ಗಂಗವಾಯಿಲಿ ಕೂರವೂ ಈ ಪಲ್ಯದ ಗಿಡವೇ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಪೋರ್ಚುಲಾಕ ಒಲರೇಸಿಯ ಎಂದು ಹೆಸರಿಟ್ಟ. ಒಲರೇಸಿಯ ಎಂದರೆ ಅಡುಗೆ ಸೊಪ್ಪಿಗೆ ಸಂಬಂಧಿಸಿದ್ದು.

ದಂಟು ಗುಂಡಗೆ, ನುಣ್ಣಗೆ, ಬಿಸಿಲಿಗೆ ಕೆಂಪಗೆ. ಎಲೆ ಪುಟ್ಟ ಚಮಚದ ಹಾಗೆ, ದಪ್ಪ; ಹಿಸುಕಿದರೆ ಬೆರಳು ಒದ್ದೆಯಾಗುತ್ತದೆ. ಐದು ದಳದ ಹಳದಿ ಹೂ ಬಿಸಿಲೇರಿದ ಮೇಲೆ ಕೆಲವೇ ತಾಸು ಅರಳಿರುತ್ತದೆ. ನನಗೆ ಇಷ್ಟವಾಗುವುದು ಕಾಯಿ. ಬಲಿತಾಗ ಅದರ ಮೇಲರ್ಧ ಕುಂಕುಮದ ಭರಣಿಯ ಮುಚ್ಚಳದಂತೆ ಕಳಚಿ, ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜ ತುಂಬಿರುವುದು ಕಾಣುತ್ತದೆ.

ಮೋಸ ಹೋಗುವುದು ಹೂವಿಲ್ಲದಾಗ. ನಮ್ಮತ್ತಿ ಕುರ್ಪಿ ಕೆಳಗಿಟ್ಟು ಮೊದಲು ದಂಟು ಮುರಿಯುತ್ತಿದ್ದಳು: "ಹಾಲು ಬಂತಂದ್ರ ಬಿಡು, ನೀರು ಬಂತಂದ್ರ ಉಡಿಗೆ ಹಾಕ್ಕೋ." ಹಾಲು ಸುರಿಸುವ, ನೆಲಕ್ಕಂಟಿದ ಗಿಡ ಬೇರೆಯೇ ಕುಲದ್ದು, ತಿನ್ನಬಾರದು. ಗುಲಾಬಿ ಹೂ ಬಿಟ್ಟು, ಗಿಣ್ಣಿನಲ್ಲಿ ಒಂದು ದೊಡ್ಡ ಎಲೆ ಒಂದು ಚಿಕ್ಕ ಎಲೆ ಎದುರುಬದುರು ಇದ್ದರೆ ಅದೂ ಗೋಳಿಯಲ್ಲ. ಗಿಣ್ಣಿನಲ್ಲಿ ಬಿಳಿ ನವಿರು, ಹೂವಿಗೆ ನಾಲ್ಕೇ ದಳ ಇದ್ದರೆ ಅದು ಇದರ ತಂಗಿ, ಸಣ್ಣಗೋಣಿ.

ಎರೆ ಹೊಲವಿರಲಿ, ಮಸಾರಿಯಿರಲಿ, ಮಣ್ಣು ಕೆದಕಿದ ಕಡೆ, ಬಿಸಿಲು ನೇರ ಬೀಳುವ ಕಡೆ ಗೋಳಿ ಏಳುತ್ತದೆ: ಹತ್ತಿ, ಮೆಣಸಿನಕಾಯಿ ಸಾಲಿನ ನಡುವೆ, ತಿಪ್ಪೆಯ ಅಂಚಿನಲ್ಲಿ, ಕಾಲುವೆ ದಂಡೆಯಲ್ಲಿ. ಸಿಂಧನೂರು, ಗಂಗಾವತಿಯ ಭತ್ತದ ಗದ್ದೆಯ ನಿಂತ ನೀರಲ್ಲಿ ಅಲ್ಲ, ಬದುವಿನ ಮೇಲೆ ಹುಡುಕಿ. ನಮ್ಮ ಬಿಸಿಲಿಗೆ ಇದು ಜಗ್ಗದಿರುವುದಕ್ಕೆ ಕಾರಣವಿದೆ. ಜೋಳದ ಹಾಗೆ ಸಿ4 ಎಂಬ, ಸುಡು ಬಿಸಿಲಿಗೆ ಒಗ್ಗುವ ವಿಧಾನದಲ್ಲಿ ಆಹಾರ ಮಾಡಿಕೊಳ್ಳುವ ಈ ಗಿಡ, ನೀರು ಸಾಲದಾದಾಗ ಕಳ್ಳಿಗಳಂತೆ ರಾತ್ರಿಯೂ ಇಂಗಾಲದ ಡೈಆಕ್ಸೈಡ್ ಹೀರಿ ಹುಳಿಯಾಗಿ ಕೂಡಿಟ್ಟುಕೊಳ್ಳುತ್ತದೆ. ಎರಡೂ ವಿಧಾನ ಒಂದೇ ಗಿಡದಲ್ಲಿರುವುದು ಬಲು ಅಪರೂಪ.

ತೊಗರಿಬೇಳೆ ಜೊತೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಜೋಳದ ರೊಟ್ಟಿಗೆ ಆಗುತ್ತದೆ; ಸೊಪ್ಪೇ ಹುಳಿ ಇರುವುದರಿಂದ ಹುಣಸೆಹುಳಿ ಕಡಿಮೆ ಸಾಕು. ಆದರೆ ಎಣ್ಣೆ (ಕೀಟನಾಶಕ) ಹೊಡೆದ ಹತ್ತಿ ಹೊಲದ್ದು ಬೇಡವೇ ಬೇಡ. ಆಕ್ಸಲಿಕ್ ಆಮ್ಲ ಹೆಚ್ಚಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾದವರು ದೂರವಿರಬೇಕು.

ಕಳೆ ಎಂದು ಕಿತ್ತರೆ ಸಾಲಿನಲ್ಲೇ ಎಸೆಯಬೇಡಿ. ದಂಟಿನೊಳಗಿನ ನೀರಿನಲ್ಲೇ ಬೀಜ ಬಲಿಯುತ್ತದೆ. ಹಸಿ ಮಣ್ಣು ತಾಗಿದರೆ ಮತ್ತೆ ಬೇರೂರುತ್ತದೆ.